ಶ್ರಮದಾನಕ್ಕೂ ಲೆಕ್ಕಪತ್ರ: ಅಮೆರಿಕದ ಅರಣ್ಯ ವಾಹನಹಾದಿಗಳ ಒಂದು ಅಧ್ಯಯನ

ಬಿಲ್ಲು ಇಲ್ಲದಿದ್ದರೆ ವೋಚರು ಇಲ್ಲ, ವೋಚರು ಇಲ್ಲದಿದ್ದರೆ ಪುಸ್ತಕದಲ್ಲಿ ನಮೂದಿಲ್ಲ. ವರ್ತಕರ ಈ ರೂಢಿಯ ಪ್ರಕಾರ ಉಚಿತವಾಗಿ ದೊರೆತ ದುಡಿಮೆಯು ಲೆಕ್ಕದ ಹೊರಗೇ ಉಳಿಯುತ್ತದೆ. ಅಂತಹ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಸಾರ್ವಜನಿಕ ಅರಣ್ಯಗಳ ವಾಹನಹಾದಿಗಳು ಒಳ್ಳೆಯ ಉದಾಹರಣೆಯನ್ನು ಒದಗಿಸುತ್ತವೆ. ಜೀಪು, ಮೋಟಾರ್ ಸೈಕಲ್ ಮತ್ತು ನಾಲ್ಕು ಚಕ್ರದ ಚಿಕ್ಕ ವಾಹನಗಳಲ್ಲಿ ವಿಹಾರಕ್ಕಾಗಿ ಸಂಚರಿಸುವ ಈ ಕಚ್ಚಾ ಹಾದಿಗಳನ್ನು ದುರಸ್ತಿಯಲ್ಲಿಡುವ ಕೆಲಸದ ದೊಡ್ಡ ಪಾಲನ್ನು ಅವುಗಳ ಬಳಕೆದಾರರೇ ಶ್ರಮದಾನದ ಮೂಲಕ ನಿರ್ವಹಿಸುತ್ತಿದ್ದಾರೆ.

ಹಿನ್ನೆಲೆ

ಅಲ್ಲಿನ ಒಕ್ಕೂಟ ಸರ್ಕಾರದ ಅರಣ್ಯ ಸೇವೆಯು 154 ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುತ್ತದೆ. ಅವುಗಳಲ್ಲಿ ವಾಹನ ಸಂಚಾರಕ್ಕೆ ಕಟ್ಟುಪಾಡು ವಿಧಿಸುವ ಮೊದಲ ಮುಖ್ಯ ಆದೇಶವನ್ನು 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದರು. 2005ರ ನಿಯಮವು ಇನ್ನೂ ಮುಂದೆ ಹೋಗಿ, ಗುರುತಿಸಲ್ಪಟ್ಟು ನಕ್ಷೆಯಲ್ಲಿ ಪ್ರಕಟವಾದ ಹಾದಿಗಳನ್ನು ಬಿಟ್ಟು ಬೇರೆಲ್ಲಿಯೂ ವಾಹನ ಓಡಿಸಕೂಡದೆಂದು ವಿಧಿಸಿತು. ಇದರ ಪರಿಣಾಮವಾಗಿ, ನಕ್ಷೆಯಲ್ಲಿ ಉಳಿಯುವುದೇ ಹಾದಿಯೊಂದರ ಅಳಿವು ಉಳಿವಿನ ಪ್ರಶ್ನೆಯಾಯಿತು. ಮಣ್ಣು ಕೊಚ್ಚಿ ಹಳ್ಳ ಸೇರುವ ಹಾದಿಯನ್ನು ಅಧಿಕಾರಿಗಳು ಮುಚ್ಚಬಹುದು. ದುರಸ್ತಿಯಲ್ಲಿರುವ ಹಾದಿಯನ್ನು ಮುಚ್ಚಲು ಕಾರಣ ಕಡಿಮೆ.

ದುರಸ್ತಿಗೆ ಹಣವೆಲ್ಲಿದೆ? ಅಮೆರಿಕದ ಸಂಸತ್ತಿಗೆ ವರದಿ ಸಲ್ಲಿಸುವ ಲೆಕ್ಕಪರಿಶೋಧನಾ ಕಚೇರಿಯು 2013ರಲ್ಲಿ ನೀಡಿದ ವರದಿಯಂತೆ, ಅರಣ್ಯ ಸೇವೆಯ ಸ್ವಾಧೀನದಲ್ಲಿ ಕಾಲುದಾರಿ, ಕುದುರೆದಾರಿ ಮತ್ತು ವಾಹನಹಾದಿಗಳೆಲ್ಲ ಸೇರಿ 1,58,000 ಮೈಲಿಗೂ ಹೆಚ್ಚು ಉದ್ದದ ಹಾದಿಗಳಿದ್ದವು. 2012ರಲ್ಲಿ ಅವುಗಳ ಪೈಕಿ ಶೇ. 37ರಷ್ಟಕ್ಕೆ ಮಾತ್ರ ಅಷ್ಟಿಷ್ಟಾದರೂ ನಿರ್ವಹಣೆ ದೊರೆತಿತ್ತು. ಇಲಾಖೆಯ ಮಾನದಂಡಕ್ಕೆ ಸರಿಹೊಂದಿದ್ದು ಸುಮಾರು ಕಾಲುಭಾಗ. ಮುಂದೂಡಿದ ದುರಸ್ತಿಯ ಬಾಕಿ 31.4 ಕೋಟಿ ಡಾಲರ್. ಅದೇ ವರ್ಷ ಸ್ವಯಂಸೇವಕರು ನೀಡಿದ ದುಡಿಮೆ ಸುಮಾರು 12 ಲಕ್ಷ ಗಂಟೆ, ಅದರ ಅಂದಾಜು ಮೌಲ್ಯ 2.6 ಕೋಟಿ ಡಾಲರ್. ಶ್ರಮದಾನವೊಂದರಿಂದಲೇ ಬಾಕಿ ತೀರದೆಂಬುದು ಈ ಎರಡು ಅಂಕಿಗಳಿಂದಲೇ ಸ್ಪಷ್ಟ. ಆದರೂ 2016ರಲ್ಲಿ ಅಲ್ಲಿನ ಸಂಸತ್ತು ಪ್ರತ್ಯೇಕ ಕಾಯಿದೆಯ ಮೂಲಕ ಸ್ವಯಂಸೇವಕರ ಪಾತ್ರವನ್ನು ಗಣನೀಯವಾಗಿ ಹೆಚ್ಚಿಸಬೇಕೆಂದು ಇಲಾಖೆಗೆ ಸೂಚಿಸಿತು. ಈ ಆಸಕ್ತಿಯ ಕಾರಣವನ್ನು ಅನುದಾನದ ನಿಯಮಗಳಲ್ಲಿ ಹುಡುಕಬೇಕು.

ಒಂದು ಗಂಟೆಯ ಬೆಲೆ

ರಸ್ತೆಯ ಹೊರಗೆ ಓಡುವ ವಾಹನವೂ ಇಂಧನ ತೆರಿಗೆಯನ್ನು ತೆರುತ್ತದೆ. ಹೆದ್ದಾರಿಯನ್ನು ಬಳಸದವನ ತೆರಿಗೆ ಹೆದ್ದಾರಿಗೇ ಹೋಗುವುದು ನ್ಯಾಯವೇ ಎಂಬ ತರ್ಕದಿಂದ 1991ರಲ್ಲಿ ವಿಹಾರ ಹಾದಿಗಳ ನಿಧಿಯೊಂದು ಹುಟ್ಟಿತು. ಇದರಲ್ಲಿ ಶೇ. 30 ಮೋಟಾರು ಹಾದಿಗಳಿಗೆ, ಶೇ. 30 ಮೋಟಾರಿಲ್ಲದ ಹಾದಿಗಳಿಗೆ, ಉಳಿದ ಶೇ. 40 ವಿವಿಧ ಬಳಕೆಯ ಹಾದಿಗಳಿಗೆ ಮೀಸಲು. ಸಾಮಾನ್ಯವಾಗಿ ಯೋಜನಾ ವೆಚ್ಚದ ಶೇ. 80ರವರೆಗೆ ಒಕ್ಕೂಟ ಸರ್ಕಾರ ಕೊಡುತ್ತದೆ. ಉಳಿದ ಶೇ. 20 ಸ್ಥಳೀಯ ವಂತಿಗೆ. ಈ ವಂತಿಗೆಯನ್ನು ನಗದಾಗಿಯೇ ಕಟ್ಟಬೇಕೆಂದಿಲ್ಲ. ಸಾಮಗ್ರಿಯ ಅಥವಾ ದುಡಿಮೆಯ ರೂಪದಲ್ಲಿಯೂ ಸಲ್ಲಿಸಬಹುದು.

ಒಂದು ಮಾದರಿ ಲೆಕ್ಕವನ್ನು ನೋಡಬಹುದು. ಸ್ವಯಂಸೇವಕರ ಒಂದು ಗಂಟೆಗೆ ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆಯು 2023ನೇ ವರ್ಷಕ್ಕೆ ಕಟ್ಟಿದ ರಾಷ್ಟ್ರೀಯ ಸರಾಸರಿ ಮೌಲ್ಯ 33.49 ಡಾಲರ್. ಇಪ್ಪತ್ತು ಮಂದಿ ಒಂದು ಶನಿವಾರ ಎಂಟು ಗಂಟೆ ದುಡಿದರೆ 160 ಗಂಟೆ, ಅಂದರೆ 5,358.40 ಡಾಲರ್. ಈ ಮೊತ್ತವನ್ನು ಶೇ. 20ರ ವಂತಿಗೆಯೆಂದು ಒಪ್ಪಿದರೆ 26,792 ಡಾಲರಿನ ಯೋಜನೆಗೆ ದಾರಿಯಾಗುತ್ತದೆ. ಸರ್ಕಾರದಿಂದ ಬರುವುದು 21,433.60 ಡಾಲರ್. ಶ್ರಮದಾನದ ಒಂದು ಡಾಲರು ನಾಲ್ಕು ಡಾಲರುಗಳನ್ನು ಕರೆತರುತ್ತದೆ. ಹಾಜರಿ ಬರೆಯದೆ ಮನೆಗೆ ಹೋದ ಇಪ್ಪತ್ತು ಮಂದಿ ತಮ್ಮ ಬೆವರನ್ನಲ್ಲದೆ ಈ ನಾಲ್ಕು ಪಾಲನ್ನೂ ಕಳೆದುಕೊಂಡಂತೆಯೇ ಸರಿ.

ಕ್ಯಾಲಿಫೋರ್ನಿಯ ರಾಜ್ಯವು ಇದೇ ತತ್ವವನ್ನು 1971ರ ತನ್ನ ಕಾಯಿದೆಯ ಮೂಲಕ ಬೆಳೆಸಿದೆ. ಇಂಧನ ತೆರಿಗೆಯ ಪಾಲು, ವಾಹನಗಳ ನೋಂದಣಿ ಶುಲ್ಕ ಮತ್ತು ಪ್ರವೇಶ ಶುಲ್ಕಗಳು ಅಲ್ಲಿ ಒಂದೇ ನಿಧಿಗೆ ಸೇರುತ್ತವೆ. ಅನುದಾನ ಬೇಡುವ ಸಂಸ್ಥೆಯು ಒಟ್ಟು ವೆಚ್ಚದ ಕನಿಷ್ಠ ಶೇ. 25ನ್ನು ತಾನು ತರಬೇಕು. ಕೆಟ್ಟ ನೆಲವನ್ನು ಮೊದಲಿನಂತೆ ಮಾಡುವ ಕಾಮಗಾರಿಗಾದರೆ ಶೇ. 10 ಸಾಕು. ಇಲ್ಲಿಯೂ ಸೇವೆಯ ಮೌಲ್ಯವನ್ನು ವಂತಿಗೆಯಲ್ಲಿ ಸೇರಿಸಬಹುದು.

ಪರಿಶೋಧಕರ ಕಣ್ಣು

ಈ ಗಂಟೆಗಳನ್ನು ಬಾಯಿಮಾತಿನಲ್ಲಿ ಒಪ್ಪುವುದಿಲ್ಲ. ಹೆಸರು, ದಿನಾಂಕ, ಆರಂಭದ ಮತ್ತು ಮುಕ್ತಾಯದ ವೇಳೆ, ಮಾಡಿದ ಕೆಲಸ, ಸಹಿ, ಇವೆಲ್ಲ ಇರುವ ಹಾಜರಿ ಪಟ್ಟಿ ಬೇಕು. ಒಕ್ಕೂಟ ಅನುದಾನಗಳ ನಿಯಮದಂತೆ, ದರವು ಅದೇ ಬಗೆಯ ಕೆಲಸಕ್ಕೆ ಆ ಸಂಸ್ಥೆಯಲ್ಲಿ ಅಥವಾ ಆ ಪ್ರದೇಶದಲ್ಲಿ ಕೊಡುವ ಕೂಲಿಗೆ ಹೊಂದಿಕೆಯಾಗಬೇಕು. ಮಣ್ಣು ಅಗೆಯುವ ಯಂತ್ರವನ್ನು ನಡೆಸುವವನು ತನ್ನ ಕಸುಬನ್ನೇ ದಾನ ಮಾಡಿದರೆ ಆ ಕಸುಬಿನ ದರ ದೊರೆಯುತ್ತದೆ. ವೈದ್ಯರೊಬ್ಬರು ಗುದ್ದಲಿ ಹಿಡಿದರೆ ಅವರದು ಗುದ್ದಲಿಯ ದರವೇ. ಒಂದೇ ಗಂಟೆಯನ್ನು ಎರಡು ಅನುದಾನಗಳಿಗೆ ತೋರಿಸುವಂತಿಲ್ಲ.

ಲೆಕ್ಕಶಾಸ್ತ್ರದ ಅಭ್ಯಾಸಿಗಳಿಗೆ ಇನ್ನೊಂದು ಸ್ವಾರಸ್ಯವಿದೆ. ಅಮೆರಿಕದ ಲೆಕ್ಕ ಮಾನದಂಡ ಮಂಡಳಿಯು 1993ರಲ್ಲಿ ಹೊರಡಿಸಿದ 116ನೇ ಮಾನದಂಡದಂತೆ, ದಾನವಾಗಿ ಬಂದ ಸೇವೆಯನ್ನು ಸಂಸ್ಥೆಯು ತನ್ನ ಆದಾಯವೆಂದು ತೋರಿಸಲು ಎರಡರಲ್ಲಿ ಒಂದು ಷರತ್ತು ಈಡೇರಬೇಕು: ಆ ಸೇವೆಯಿಂದ ಹಣಕಾಸೇತರ ಆಸ್ತಿ ನಿರ್ಮಾಣವಾಗಬೇಕು ಅಥವಾ ಅದರ ಮೌಲ್ಯ ಹೆಚ್ಚಬೇಕು, ಇಲ್ಲವೇ ಆ ಸೇವೆಗೆ ವಿಶೇಷ ಪರಿಣತಿ ಬೇಕಾಗಿದ್ದು, ಅದನ್ನು ಪರಿಣತರೇ ನೀಡಿರಬೇಕು ಮತ್ತು ದಾನವಾಗಿ ಬಾರದಿದ್ದಲ್ಲಿ ಹಣ ಕೊಟ್ಟು ಕೊಳ್ಳಬೇಕಾಗುತ್ತಿರಬೇಕು. ರೆಂಬೆ ಕಡಿದು ಕಸ ಹೆಕ್ಕಿದ ಗಂಟೆಗಳು ಸಾಮಾನ್ಯವಾಗಿ ಈ ಜರಡಿಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಅನುದಾನದ ಕಡತದಲ್ಲಿ ವಂತಿಗೆಯೆಂದು ಸಂದ ಗಂಟೆಯು ಅದೇ ಸಂಸ್ಥೆಯ ಆದಾಯ ವೆಚ್ಚದ ತಖ್ತೆಯಲ್ಲಿ ಕಾಣದೆ ಹೋಗಬಹುದು. ಎರಡೂ ಸರಿಯೇ.

ಭಾರತದಲ್ಲಿನ ಸ್ಥಿತಿ ಬೇರೆ. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಸಾಮಾಜಿಕ ಹೊಣೆಗಾರಿಕೆಯ ವೆಚ್ಚದಲ್ಲಿ ನೌಕರರು ಸ್ವಯಂಸೇವೆಗೆ ಕೊಟ್ಟ ವೇಳೆಯ ಸಂಬಳವನ್ನು ಸೇರಿಸಬಹುದೆಂದು 2014ರ ಸುತ್ತೋಲೆ ಹೇಳಿತ್ತು. 2021ರ ಸ್ಪಷ್ಟೀಕರಣವು ನೌಕರರ ಸೇವೆಯನ್ನು ಹಣಕ್ಕೆ ಪರಿವರ್ತಿಸಿ ಲೆಕ್ಕಕ್ಕೆ ಹಿಡಿಯಲಾಗದೆಂದು ತಿಳಿಸಿತು. ಕಾಯಿದೆಯು ಕೇಳುವುದು ಖರ್ಚನ್ನು. ಕಾರ್ಮಿಕರೊಡನೆ ಕೆರೆಯ ಹೂಳೆತ್ತಿದ ಉದ್ದಿಮೆದಾರರು ಇದನ್ನು ನೆನಪಿಡುವುದು ಲೇಸು.

ಉಚಿತದ ಖರ್ಚು

ಶ್ರಮದಾನವನ್ನು ಪಡೆಯುವುದಕ್ಕೂ ವೆಚ್ಚವಿದೆ. ಬಿದ್ದ ಮರವನ್ನು ಯಂತ್ರಗರಗಸದಿಂದ ಕೊಯ್ಯುವ ಸ್ವಯಂಸೇವಕನು ಅರಣ್ಯ ಸೇವೆಯ ತರಬೇತಿ ಪಡೆದು ದರ್ಜೆವಾರು ಪ್ರಮಾಣಪತ್ರ ಹೊಂದಿರಬೇಕು. 1972ರ ಸ್ವಯಂಸೇವಕರ ಕಾಯಿದೆಯಂತೆ, ಕೆಲಸದಲ್ಲಿ ಗಾಯಗೊಂಡ ಸ್ವಯಂಸೇವಕನು ಪರಿಹಾರದ ಮಟ್ಟಿಗೆ ಸರ್ಕಾರಿ ನೌಕರನೆಂದೇ ಪರಿಗಣಿತನಾಗುತ್ತಾನೆ. ಸ್ವಯಂಸೇವಕರನ್ನು ನೋಡಿಕೊಳ್ಳುವುದರಲ್ಲಿಯೇ ಸಿಬ್ಬಂದಿಯ ವೇಳೆ ಹೋಗಿ ಹಾದಿಯ ಮೇಲಿನ ಕೆಲಸ ಕುಂಠಿತವಾಗುತ್ತದೆ ಎಂಬ ಮಾತು 2013ರ ವರದಿಯಲ್ಲಿಯೂ ದಾಖಲಾಗಿದೆ. ಉತ್ಸಾಹಿಗಳನ್ನು ಕೂಡಿಸುವುದು ಸುಲಭ. ಮೇಸ್ತ್ರಿಯನ್ನು ಹುಡುಕುವುದು ಕಷ್ಟ.

ಕೆಲಸವೂ ಬರಿಯ ಬಾಹುಬಲದ್ದಲ್ಲ. ಹಾದಿಯ ಶತ್ರು ಚಕ್ರಕ್ಕಿಂತ ಹೆಚ್ಚಾಗಿ ನೀರು. ಚಕ್ರ ಕೊರೆದ ಗೆರೆಯಲ್ಲಿ ಮಳೆನೀರು ಹರಿಯತೊಡಗಿದರೆ ಹಾದಿಯೇ ಕಾಲುವೆಯಾಗುತ್ತದೆ. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾದ ದಿಣ್ಣೆ ಅಥವಾ ತಗ್ಗು ನಿರ್ಮಿಸಿ ನೀರನ್ನು ಪಕ್ಕದ ಗಿಡಗಂಟಿಗಳ ನಡುವೆ ಹಾಯಿಸಬೇಕು. ಹಳ್ಳ ದಾಟುವೆಡೆ ಕಲ್ಲು ಹಾಸಬೇಕು. ದಿಣ್ಣೆಯ ಓರೆ ತಪ್ಪಿದರೆ ಆ ದಿನದ ದುಡಿಮೆಯೆಲ್ಲ ಮುಂದಿನ ಮಳೆಯಲ್ಲಿ ಹೂಳಾಗುತ್ತದೆ. ಹಾಜರಿ ಪುಸ್ತಕದಲ್ಲಿ ಆಗಲೂ ಎಂಟು ಗಂಟೆಯೇ ಇರುತ್ತದೆ. ಗಂಟೆಯನ್ನು ಅಳೆಯುವ ಪದ್ಧತಿಯ ದೊಡ್ಡ ದೋಷವಿದು.

ರುಬಿಕಾನ್ ಹಾದಿ

ಕ್ಯಾಲಿಫೋರ್ನಿಯದ ಜಾರ್ಜ್‌ಟೌನ್ ಬಳಿಯಿಂದ ತಾಹೋ ಸರೋವರದ ಕಡೆಗೆ ಸುಮಾರು 22 ಮೈಲಿ ಸಾಗುವ ಈ ಬಂಡೆಗಳ ಹಾದಿಯನ್ನು ಎಲ್ ಡೊರಾಡೊ ಕೌಂಟಿಯು 1887ರಲ್ಲಿಯೇ ಸಾರ್ವಜನಿಕ ಮಾರ್ಗವೆಂದು ಘೋಷಿಸಿತ್ತು. ಕೌಂಟಿಯೆಂದರೆ ಹೆಚ್ಚುಕಡಿಮೆ ಜಿಲ್ಲಾಡಳಿತ. ಜಾರ್ಜ್‌ಟೌನಿನ ನಾಗರಿಕರು ಊರಿನ ವ್ಯಾಪಾರ ಚೇತರಿಸಲೆಂದು ಯೋಚಿಸಿ, 1953ರಲ್ಲಿ ಇಲ್ಲಿ ಜೀಪುಗಳ ಸಾಮೂಹಿಕ ಯಾತ್ರೆಯನ್ನು ಆರಂಭಿಸಿದರು. ಮುಂದೆ ಜೀಪ್ ಕಂಪನಿಯು ತನ್ನ ವಾಹನದ ಒಂದು ಮಾದರಿಗೆ ಈ ಹಾದಿಯ ಹೆಸರನ್ನೇ ಇಟ್ಟಿತು. ಹಾದಿ ಮತ್ತು ಪೇಟೆಯ ನಂಟು ಇಷ್ಟಕ್ಕೇ ನಿಲ್ಲದು. ಅರಣ್ಯದ ಅನೇಕ ಹಾದಿಗಳಲ್ಲಿ 50 ಅಂಗುಲಕ್ಕಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಪೊಲಾರಿಸ್ ಕಂಪನಿಯು 2007ರಲ್ಲಿ ಸರಿಯಾಗಿ 50 ಅಂಗುಲ ಅಗಲದ ವಾಹನವನ್ನೇ ಮಾರುಕಟ್ಟೆಗೆ ಬಿಟ್ಟಿತು.

ರುಬಿಕಾನ್‌ಗೆ ಜನ ಹೆಚ್ಚಿದಂತೆ ಹೂಳು, ವಾಹನಗಳಿಂದ ಸೋರಿದ ಎಣ್ಣೆ ಮತ್ತು ಮಲಮೂತ್ರದ ಮಾಲಿನ್ಯವೂ ಹೆಚ್ಚಿತು. 2001ರಲ್ಲಿ ಬಳಕೆದಾರರು ಫ್ರೆಂಡ್ಸ್ ಆಫ್ ದ ರುಬಿಕಾನ್ ಎಂಬ ಕೂಟವನ್ನು ಕಟ್ಟಿ ಶ್ರಮದಾನವನ್ನು ಆರಂಭಿಸಿದ್ದರು. ಆದರೂ 2009ರಲ್ಲಿ ಪ್ರಾದೇಶಿಕ ಜಲಗುಣಮಟ್ಟ ಮಂಡಳಿಯು ಕೌಂಟಿಗೆ ಹಾಗೂ ಅರಣ್ಯ ಸೇವೆಗೆ ಶುದ್ಧೀಕರಣದ ಆದೇಶವನ್ನು ಜಾರಿಮಾಡಿತು. ಶತಮಾನಕ್ಕೂ ಹಿಂದಿನ ಮಾರ್ಗವು ಮುಚ್ಚಿಹೋಗುವ ಭೀತಿ ಅಂದು ನಿಜವಾಗಿಯೂ ಇತ್ತು.

ಆದೇಶ ಪಾಲನೆಯ ಹೊಣೆ ಕೌಂಟಿಯದಾದರೂ ಕೈಗಳು ಬಹುತೇಕ ಸ್ವಯಂಸೇವಕರವು. ನೀರು ಹಾಯಿಸುವ ದಿಣ್ಣೆ ತಗ್ಗುಗಳು ಬಂದವು. ಎಣ್ಣೆ ಹೀರುವ ಹಾಸುಗಳುಳ್ಳ ಚೀಲ ಮತ್ತು ಮಲವನ್ನು ಕಟ್ಟಿ ಹೊರತರುವ ಚೀಲಗಳನ್ನು ಹಾದಿಯ ಬಾಗಿಲಿನಲ್ಲಿಯೇ ಪ್ರಯಾಣಿಕರಿಗೆ ಹಂಚುವ ಏರ್ಪಾಡಾಯಿತು. ನೆಲ ನೀರಿನಿಂದ ಪೂರ್ತಿ ನೆನೆದಿರುವಾಗ ಸಂಚಾರವನ್ನು ತಡೆಯುವ ಯೋಜನೆಯನ್ನು ಕೌಂಟಿ ಒಪ್ಪಿಕೊಂಡಿತು. ರಾಜ್ಯದ ವಾಹನ ನಿಧಿಯಿಂದ ಕೌಂಟಿಗೆ ಅನುದಾನಗಳು ಸಂದವು. ಹಾದಿ ಮುಚ್ಚಲಿಲ್ಲ. ಜಾರ್ಜ್‌ಟೌನಿನ ಬೀದಿಗಳಿಗೆ ಬೇಸಿಗೆಯಲ್ಲಿ ಈಗಲೂ ಜೀಪುಗಳು ಬರುತ್ತವೆ.