ಕಾರ್ಲೈಲ್ ಶಾಲೆಯ ಕಾಲ್ಚೆಂಡು ತಂಡ

ಕ್ರೀಡೆಯ ಇತಿಹಾಸವನ್ನು ಓದುವಾಗ ನಾವು ಗೆದ್ದವರ ಹೆಸರನ್ನೂ ಅವರು ಗಳಿಸಿದ ಅಂಕಗಳನ್ನೂ ನೆನಪಿನಲ್ಲಿಡುತ್ತೇವೆ. ಆದರೆ ಆ ಆಟಗಾರರು ಎಲ್ಲಿಂದ ಬಂದರು, ಏನನ್ನು ಕಳೆದುಕೊಂಡು ಮೈದಾನದಲ್ಲಿ ನಿಂತರು ಎಂಬುದನ್ನು ವಿಚಾರಿಸುವುದು ಅಪರೂಪ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಶಾಲೆಯ ತಂಡವು 1912ರಲ್ಲಿ ಆಡಿದ ಪಂದ್ಯಗಳನ್ನು ಈ ದೃಷ್ಟಿಯಿಂದ ನೋಡೋಣ.

ಈ ಶಾಲೆಯು ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ 1879ರಲ್ಲಿ ಸ್ಥಾಪಿತವಾಯಿತು. ಸ್ಥಾಪಕನಾದ ರಿಚರ್ಡ್ ಹೆನ್ರಿ ಪ್ರಾಟ್ ಸೇನಾಧಿಕಾರಿ. ಶಾಲೆ ನಡೆದುದು ಹಳೆಯ ಸೈನಿಕ ವಸತಿಗಳಲ್ಲಿ. ಮಕ್ಕಳು ತಮ್ಮದೆಲ್ಲವನ್ನೂ ಮರೆತರೆ ಮಾತ್ರ ನಾಗರಿಕರಾಗುವರೆಂಬುದು ಆತನ ನಂಬಿಕೆ. ನೂರಕ್ಕೂ ಹೆಚ್ಚು ಬುಡಕಟ್ಟುಗಳ ಮಕ್ಕಳನ್ನು, ಮನವೊಲಿಸಿಯೋ ಒತ್ತಾಯದಿಂದಲೋ, ಬಹುದೂರದಿಂದ ಇಲ್ಲಿಗೆ ಕರೆತಂದರು. ಬಂದೊಡನೆ ಅವರ ನೀಳವಾದ ಕೂದಲನ್ನು ಕತ್ತರಿಸಿದರು; ಸಮವಸ್ತ್ರ ತೊಡಿಸಿದರು; ಇಂಗ್ಲಿಷ್ ಹೆಸರುಗಳನ್ನಿಟ್ಟರು. ತಾಯ್ನುಡಿಯಲ್ಲಿ ಮಾತನಾಡಿದರೆ ಶಿಕ್ಷೆಯಾಗುತ್ತಿತ್ತು. ರೋಗದಿಂದ ಸತ್ತ ಮಕ್ಕಳೂ ಬಹುಮಂದಿ. ಅವರ ಗೋರಿಗಳ ಸಾಲು ಅಲ್ಲಿ ಇಂದಿಗೂ ಇದೆ.

ಇಂತಹ ಶಾಲೆಯಲ್ಲಿ ಕಾಲ್ಚೆಂಡಾಟವು ಬೆಳೆಯಿತು. ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು; ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಎದುರಾಳಿಗಳು ಓಡುವವನನ್ನು ಹಿಡಿದು ಕೆಡವುತ್ತಾರೆ. 1912ರಲ್ಲಿ ನಿಯಮಗಳು ಬದಲಾದವು: ಹತ್ತು ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶಗಳು ದೊರೆತವು, ಚೆಂಡನ್ನು ಎದುರಾಳಿಯ ಗಡಿಯಾಚೆಗೆ ಒಯ್ದರೆ ಐದರ ಬದಲು ಆರು ಅಂಕಗಳು. ದೇಹಬಲಕ್ಕಿಂತ ವೇಗವನ್ನೂ ಉಪಾಯವನ್ನೂ ನೆಚ್ಚಿದ ಕಾರ್ಲೈಲ್ ತಂಡಕ್ಕೆ ಇದು ಅನುಕೂಲವಾಯಿತು.

ಆ ವರ್ಷ ತಂಡದ ಶಿಕ್ಷಕ ಗ್ಲೆನ್ ವಾರ್ನರ್; ಚೆಂಡಾಟವನ್ನು ನಡೆಸುವವನು ಗಸ್ ವೆಲ್ಷ್; ಮುಖ್ಯ ಓಟಗಾರ ಜಿಮ್ ಥೋರ್ಪ್. ಓಕ್ಲಹೋಮದ ಸ್ಯಾಕ್ ಮತ್ತು ಫಾಕ್ಸ್ ಬುಡಕಟ್ಟಿನ ಥೋರ್ಪ್ ಆ ಬೇಸಿಗೆಯಲ್ಲಿಯೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಪಂಚಸ್ಪರ್ಧೆ ಹಾಗೂ ದಶಸ್ಪರ್ಧೆಗಳೆರಡರಲ್ಲೂ ಚಿನ್ನದ ಪದಕ ಗೆದ್ದಿದ್ದನು. ತಂಡವು 14 ಪಂದ್ಯಗಳನ್ನಾಡಿ 12ರಲ್ಲಿ ಗೆದ್ದಿತು. ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನೊಡನೆ ಸಮಮಾಡಿಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಮಾತ್ರ ಸೋತಿತು.

ಇವುಗಳಲ್ಲೆಲ್ಲ ಮುಖ್ಯವಾದುದು ನವೆಂಬರ್ 9ರಂದು ವೆಸ್ಟ್ ಪಾಯಿಂಟಿನ ಸೇನಾ ವಿದ್ಯಾಲಯದೊಡನೆ ನಡೆದ ಪಂದ್ಯ. ಕೇವಲ 22 ವರ್ಷಗಳ ಹಿಂದೆ, 1890ರಲ್ಲಿ, ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯವು ಲಕೋಟಾ ಬುಡಕಟ್ಟಿನ ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದಿತ್ತು. ಈಗ ಮುಂದಿನ ಸೇನಾಧಿಕಾರಿಗಳೂ ಮೂಲನಿವಾಸಿಗಳ ಮಕ್ಕಳೂ ಒಂದೇ ನಿಯಮದಡಿಯಲ್ಲಿ, ಸಮಸಂಖ್ಯೆಯಲ್ಲಿ ಎದುರುಬದುರಾದರು. ಮೊದಲು ಅಂಕ ಗಳಿಸಿದವರು ಸೇನೆಯವರು. ಆದರೆ ಕಾರ್ಲೈಲ್‌ನವರು ಆಟಗಾರರನ್ನು ಎರಡು ಅಂಚುಗಳಿಗೂ ಹರಡಿ ನಿಲ್ಲಿಸುವ ಹೊಸ ವ್ಯೂಹವನ್ನು ಪ್ರಯೋಗಿಸಿದರು. ಚೆಂಡು ಯಾವ ಕಡೆಯಿಂದ ಬರುವುದೆಂದು ಎದುರಾಳಿಗಳಿಗೆ ತಿಳಿಯದಾಯಿತು. ಕೊನೆಗೆ 27–6ರಿಂದ ಕಾರ್ಲೈಲ್ ಗೆದ್ದಿತು. ಅಂದು ಸೋತವರಲ್ಲಿ ಡ್ವೈಟ್ ಐಸೆನ್‌ಹೋವರ್ ಒಬ್ಬನು. 1953ರಲ್ಲಿ ಅಮೆರಿಕದ ಅಧ್ಯಕ್ಷನಾದವನು ಆತನೇ.

ಗೆಲುವಿನಿಂದ ಏನು ಬದಲಾಯಿತು? ಮರುವರ್ಷ ಜನವರಿಯಲ್ಲಿ, ಥೋರ್ಪ್ ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂಬ ಸುದ್ದಿ ಹೊರಬಿದ್ದು, ಅವನ ಒಲಿಂಪಿಕ್ ಪದಕಗಳು ಕೈಬಿಟ್ಟುಹೋದವು. 1953ರಲ್ಲಿ ಅವನು ತೀರಿಕೊಂಡನು. 1982ರಲ್ಲಿ ಅವನನ್ನು ಸಹವಿಜೇತನೆಂದು ಒಪ್ಪಿದರು. ಏಕೈಕ ವಿಜೇತನೆಂದು ಸಾರಿದುದು 2022ರಲ್ಲಿ. ಶಾಲೆಯೇ 1918ರಲ್ಲಿ ಮುಚ್ಚಿತು. ಮೂಲನಿವಾಸಿಗಳೆಲ್ಲರಿಗೂ ತಮ್ಮದೇ ನೆಲದಲ್ಲಿ ಪೌರತ್ವ ನೀಡುವ ಕಾನೂನು ಬಂದುದು 1924ರಲ್ಲಿ. ಶಾಲೆಯಿದ್ದ ಸ್ಥಳವನ್ನು 2024ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ತಿಳಿಯಬೇಕು. ಆ ಮಕ್ಕಳು ಹೊಸ ಆಟವನ್ನು ಕಲಿತು, ಕಲಿಸಿದವರನ್ನೇ ಮೀರಿಸಿದರು. ಇದು ಅವರ ಸಾಮರ್ಥ್ಯ. ಅದನ್ನು ಕಲಿಯಬೇಕಾದರೆ ತಾಯ್ನುಡಿಯನ್ನು ಬಿಡಬೇಕೆಂದು ವಿಧಿಸಿದುದು ಅವರಿಗಾದ ಅನ್ಯಾಯ. ಚೆಂಡನ್ನು ಹಿಡಿದು ಓಡುವವನು ಯಾವ ಭಾಷೆಯಲ್ಲಿ ಯೋಚಿಸಿದರೂ ಅವನ ಕಾಲಿನ ವೇಗ ಕುಂದುವುದಿಲ್ಲ. ಹೊಸದನ್ನು ಕಲಿಯುವುದಕ್ಕೂ ತನ್ನದನ್ನು ಉಳಿಸಿಕೊಳ್ಳುವುದಕ್ಕೂ ವಿರೋಧವಿಲ್ಲ. ಈ ನಗರದಲ್ಲಿ ನಾವು ಹೊರಗೆ ಹಲವು ಭಾಷೆಗಳನ್ನು ಆಡುತ್ತೇವೆ, ತರಗತಿಯಲ್ಲಿ ಕನ್ನಡದಲ್ಲಿ ಕಲಿಯುತ್ತೇವೆ. ಕಾರ್ಲೈಲಿನ ಮಕ್ಕಳಿಗೆ ದೊರೆಯದಿದ್ದ ಈ ಭಾಗ್ಯದ ಬೆಲೆಯನ್ನು ಅರಿತು, ತರಗತಿಯಲ್ಲಿಯೂ ಮೈದಾನದಲ್ಲಿಯೂ ಅದಕ್ಕೆ ತಕ್ಕಂತೆ ಶ್ರಮಿಸೋಣ.