ತಣ್ಣನೆಯ ಬೆಳಕು, ಬಿಸಿ ಬೆಳಕು



ರಾತ್ರಿ ಹೊಲದ ಬದುವಿನಲ್ಲಿ ಮಿಣುಕುಹುಳ ಹಿಡಿದು ಅಂಗೈ ಮ್ಯಾಲೆ ಇಟ್ಟುಕೊಂಡು ನೋಡಿದ್ದೀರಾ? ಬೆಳಕು ಇರುತ್ತದೆ, ಕೈ ಸುಡುವುದಿಲ್ಲ. ಅದರ ಹೊಟ್ಟೆಯ ತುದಿಯಲ್ಲಿ ಲ್ಯೂಸಿಫೆರಿನ್ ಎಂಬ ವಸ್ತು ಇದೆ. ಅದು ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಬರುತ್ತದೆ. ಶಾಖ ಬಹಳ ಕಡಿಮೆ. ಇದು ತಣ್ಣನೆಯ ಬೆಳಕು.

ನಮ್ಮ ಅಡರಕಟ್ಟಿಗೆ ಸಮುದ್ರ ದೂರ. ಆದರೆ ಅಲ್ಲಿಯೂ ಇಂಥ ಬೆಳಕು ಉಂಟು. 2020ರ ನವೆಂಬರಿನಲ್ಲಿ ಕಾರವಾರದ ದಂಡೆಯಲ್ಲಿ ರಾತ್ರಿ ತೆರೆಗಳು ನೀಲಿಯಾಗಿ ಹೊಳೆದವು. ಅದಕ್ಕೆ ಕಾರಣ ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿಗಳು. ಅವು ಸಾಸಿವೆ ಕಾಳಿಗಿಂತ ಸಣ್ಣವು. ನೀರು ಅಲುಗಿದಾಗ ಮಿನುಗುತ್ತವೆ.

ಆಕಾಶದಲ್ಲಿ ಬೀಳುವ ಚಿಕ್ಕಿಯ ಬೆಳಕು ಬೇರೆ ತರಹದ್ದು. "ಚಿಕ್ಕಿ ಬಿದ್ರ ಯಾರೋ ತೀರಿಕೊಂಡ್ರು ಅಂತ ತಿಳಿ" ಅಂತಾಳ ನಮ್ಮಜ್ಜಿ. ಅಜ್ಜ ದವಾಖಾನೆಯಲ್ಲಿದ್ದಾಗ ಒಂದು ಚಿಕ್ಕಿ ಬಿದ್ದದ್ದು ಕಂಡೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಎಂಟು ದಿನಕ್ಕೆ ಅಜ್ಜ ನಡಕೊಂತ ಮನೆಗೆ ಬಂದ.

ಆಮೇಲೆ ಗುರುಗಳನ್ನು ಕೇಳಿದೆ. ಅದು ಚಿಕ್ಕಿಯೇ ಅಲ್ಲ, ಉಲ್ಕೆ. ಹೆಚ್ಚಿನವು ಉಸುಕಿನ ಹರಳಿನಷ್ಟು ಚೂರುಗಳು. ಅತಿ ವೇಗದಿಂದ ಬಂದು, ಸುಮಾರು 100 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದು, ಕಾದು ಉರಿದುಹೋಗುತ್ತವೆ. ಇದು ಬಿಸಿ ಬೆಳಕು.

ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬಹಳ ಬೀಳುತ್ತವೆ. ಚಂದ್ರನಿಲ್ಲದಿದ್ದರೆ ಚೆನ್ನಾಗಿ ಕಾಣುತ್ತವೆ. ಕಂಬಳಿ ಹೊದ್ದು ಅಂಗಳದಲ್ಲಿ ಮಲಗಿ ಎಣಿಸಿರಿ. ಬೆಳಿಗ್ಗೆ ಎದ್ದು ಊರಲ್ಲಿ ಎಲ್ಲರೂ ಆರಾಮ ಇದ್ದಾರೋ ನೋಡಿರಿ. ಈ ಸಲ ನಮ್ಮಜ್ಜಿಯನ್ನೂ ಎಣಿಸಲು ಕೂಡ್ರಿಸುತ್ತೇನೆ.