ಪ್ರಾಯೋಗಿಕ ಪರೀಕ್ಷೆಗೆ ಹೊರಟವಳಿಗೆ

ಮಗಳೇ, ಡಿ.ಎಲ್.ಇಡಿ ಎರಡನೇ ವರ್ಷಕ್ಕೆ ಬಂದಿದ್ದೀಯ. ಗಣಿತ ಬೋಧನೆ, ಮನೋವಿಜ್ಞಾನ ಅಂದರೆ ನಿದ್ದೆಗೆಟ್ಟು ಓದುತ್ತೀಯ. ಆರೋಗ್ಯ ಶಿಕ್ಷಣ, ಕಾರ್ಯಾನುಭವ ಅಂದರೆ ಮಾತ್ರ ‘ಅದಕ್ಕೇನು, ರೆಕಾರ್ಡ್ ಬರೆದುಕೊಟ್ಟರೆ ಅಂಕ ಹಾಕ್ತಾರೆ’ ಎನ್ನುತ್ತೀಯ. ಟಿಸಿಎಚ್ ಕಾಲದವರೂ ಹೀಗೇ ಅನ್ನುತ್ತಿದ್ದರು. ಪ್ರಶಿಕ್ಷಣಾರ್ಥಿಗಳ ಪಾಠ ನೋಡುತ್ತಲೇ ತಲೆ ನರೆತವನು ನಾನು, ನನ್ನ ಮಾತು ಕೇಳು. ಕೆಲಸಕ್ಕೆ ಸೇರಿದ ಮೊದಲ ವಾರವೇ ಶಾಲೆ ನಿನ್ನನ್ನು ಪರೀಕ್ಷಿಸುವುದು ಈ ವಿಷಯಗಳಲ್ಲೇ. ಆಟದ ಬಯಲಿನಿಂದ ಮೂಗಲ್ಲಿ ರಕ್ತ ಸುರಿಸಿಕೊಂಡು ಬಂದ ಹುಡುಗ ನಿನ್ನೆದುರು ನಿಂತಿರುತ್ತಾನೆ. ಆಗ ರೆಕಾರ್ಡ್ ತೆರೆದು ನೋಡುವಷ್ಟು ಪುರುಸೊತ್ತು ಇರುವುದಿಲ್ಲ.

ನಿಯಮದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕೇ ಬೇಕು. ಎರಡು ವರ್ಷಕ್ಕೆ ಒಟ್ಟು 20 ವಾರಗಳ ಇಂಟರ್ನ್‌ಶಿಪ್, ಅದರಲ್ಲಿ 16 ವಾರ ಎರಡನೇ ವರ್ಷದ್ದು. ಯಾವುದಕ್ಕೆ ಎಷ್ಟು ಆಂತರಿಕ ಅಂಕ, ಎಷ್ಟು ಅಭ್ಯಾಸ ಪಾಠ ಅನ್ನುವುದನ್ನು ಹಿಂದಿನ ಬ್ಯಾಚಿನವರ ಬಾಯಿಂದ ತಿಳಿಯಬೇಡ. ನಿನ್ನ ಬ್ಯಾಚಿನ ಪಠ್ಯಕ್ರಮವನ್ನು ನೀನೇ ಓದು. ರೆಕಾರ್ಡಿಗೆ ಸಹಿಯನ್ನು ಆಯಾ ವಾರವೇ ಹಾಕಿಸಿಕೋ.

ಇನ್ನು ಆ 16 ವಾರದ ವಿಚಾರ. ಒಂದೇ ಒಂದು ಕೆಲಸ ಆರಿಸಿಕೋ ಅಂದರೆ ನಾನು ಕಣ್ಣಿನ ತಪಾಸಣೆ ಅನ್ನುತ್ತೇನೆ. ಸ್ನೆಲೆನ್ ಪಟ್ಟಿಯನ್ನು ಬೆಳಕಿರುವ ಗೋಡೆಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ತೂಗುಹಾಕು. ಅಳತೆ ಟೇಪು ಹಿಡಿದು 6 ಮೀಟರ್ ದೂರಕ್ಕೆ ಗೆರೆ ಎಳೆ, ಹೆಜ್ಜೆ ಲೆಕ್ಕ ಬೇಡ. ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಲಿ. ಅಕ್ಷರ ಬಾರದ ಮಗುವಿಗೆ ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘E’ ಆಕಾರದ ಪಟ್ಟಿ ಇದೆ. ಅದು ಯಾವ ಕಡೆ ಬಾಯಿ ತೆರೆದಿದೆ ಅಂತ ಬೆರಳಲ್ಲಿ ತೋರಿಸಿದರೆ ಸಾಕು. ಕೊನೆಯ ಬೆಂಚಿನಲ್ಲಿ ಕೂತು ಕರಿಹಲಗೆಯದ್ದನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುವ, ‘ದಡ್ಡಿ’ ಅಂತ ಹೆಸರು ಹೊತ್ತ ಹುಡುಗಿಗೆ ದಪ್ಪ ಅಕ್ಷರವೂ ಕಾಣುತ್ತಿಲ್ಲ ಅನ್ನುವುದು ಎಷ್ಟೋ ಸಲ ಇಂಥ ತಪಾಸಣೆಯಲ್ಲೇ ಗೊತ್ತಾಗುವುದು. ಅವಳ ಹೆಸರು ಬರೆದುಕೊಂಡು ಮುಖ್ಯ ಶಿಕ್ಷಕರಿಗೆ ಕೊಡು. ಕನ್ನಡಕ ಬರುವವರೆಗೆ ಅವಳನ್ನು ಮುಂದಿನ ಸಾಲಿಗೆ ಕರೆದು ಕೂರಿಸು. ನಿನ್ನ ಇಡೀ ಇಂಟರ್ನ್‌ಶಿಪ್‌ನಲ್ಲಿ ಇದಕ್ಕಿಂತ ದೊಡ್ಡ ಪಾಠ ನೀನು ಮಾಡಲಾರೆ.

ಕಾರ್ಯಾನುಭವಕ್ಕೆ ಅಂಗಡಿಯಿಂದ ತಂದ ಥರ್ಮಾಕೋಲ್ ಮನೆ, ಉಲ್ಲನ್ ಹೂವು ಇಡಬೇಡ ಅಂತ ಕೈಮುಗಿದು ಹೇಳುತ್ತೇನೆ. ಕೈಕೆಲಸವೇ ಕಲಿಕೆಯ ನಡುಮಧ್ಯೆ ಇರಬೇಕು ಅಂತ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಕೈಕೆಲಸ ಸಮಾಜಕ್ಕೆ ಉಪಯೋಗ ಬೀಳಬೇಕು ಅಂದಿತು. ಶೋಕೇಸಿನಲ್ಲಿ ಧೂಳು ಹಿಡಿಯುವ ಹೂವಿನಿಂದ ಯಾರಿಗೆ ಉಪಯೋಗ? ಐದು ಲೀಟರಿನ ಖಾಲಿ ಕ್ಯಾನು, ಒಂದು ಹಗ್ಗ, ಎರಡು ಕವೆಗೋಲು, ಎರಡು ನೇರ ಕೋಲು, ಒಂದು ಮೊಳೆ ತೆಗೆದುಕೋ. ಕ್ಯಾನಿನ ಕತ್ತಿನ ಕೆಳಗೆ ಮೊಳೆ ಕಾಯಿಸಿ ತೂತು ಮಾಡಿ, ಕವೆಗೋಲುಗಳ ಮೇಲಿಟ್ಟ ಅಡ್ಡಕೋಲಿಗೆ ತೂಗುಬಿಟ್ಟು, ಅದಕ್ಕೆ ಕಟ್ಟಿದ ಹಗ್ಗವನ್ನು ನೆಲದ ಮೇಲಿನ ಕೋಲಿಗೆ ಬಿಗಿ. ಕಾಲಲ್ಲಿ ಕೋಲು ತುಳಿದರೆ ಕ್ಯಾನು ಬಾಗಿ ನೀರು ಬೀಳುತ್ತದೆ. ಕೊಳೆ ಕೈಯಿಂದ ಏನನ್ನೂ ಮುಟ್ಟಬೇಕಿಲ್ಲ. ಪಕ್ಕದಲ್ಲಿ ಸೋಪು ಕಟ್ಟು. ಕೈಕೆಲಸಕ್ಕೂ ಆರೋಗ್ಯ ಪಾಠಕ್ಕೂ ಒಂದೇ ಉಪಕರಣವಾಯಿತು. ಅಕ್ಟೋಬರ್ 15ರ ಕೈತೊಳೆಯುವ ದಿನಕ್ಕೆ ಕಾಯಬೇಡ. ಬಿಸಿಯೂಟಕ್ಕೆ ಮುಂಚೆ ದಿನವೂ ಮಕ್ಕಳು ಸೋಪು ಹಚ್ಚಿ ಇಪ್ಪತ್ತರವರೆಗೆ ಎಣಿಸುತ್ತ ಕೈ ಉಜ್ಜಲಿ, ಒಂದನೇ ತರಗತಿಗೆ ಅದೇ ಗಣಿತವೂ ಆಗುತ್ತದೆ.

ಅಡುಗೆಕೋಣೆಯನ್ನು ‘ಅದು ಅಡುಗೆಯವರದ್ದು’ ಅಂತ ದೂರ ಇಡಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಊಟದಲ್ಲಿ ಮಾನೋಕ್ರೋಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆಯ ಡಬ್ಬಿ ಎಲ್ಲಿದೆ, ಅದರ ಪಕ್ಕದಲ್ಲಿ ಏನಿದೆ, ನೀರಿನ ತೊಟ್ಟಿ ತೊಳೆದ ದಿನಾಂಕ ಬರೆದಿದೆಯಾ ಅಂತ ಹೋದ ದಿನವೇ ನೋಡು. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವನ್ನು ಬರೀ ಪುಸ್ತಕಕ್ಕೆ ಸಹಿ ಹಾಕುವ ಶಾಸ್ತ್ರ ಮಾಡಬೇಡ, ತಿಂದು ನೋಡಿಯೇ ಸಹಿ ಹಾಕು. ಜಂತುಹುಳುವಿನ ಮಾತ್ರೆ ಕೊಡುವ ದಿನವೂ ಅಷ್ಟೇ: ಮನೆಗೆ ಕಳಿಸದೆ ನಿನ್ನೆದುರೇ ಜಗಿಸಿ ನುಂಗಿಸು, ಜ್ವರ ಬಂದ ಮಗುವಿಗೆ ಅಂದು ಕೊಡಬೇಡ.

ಪ್ರಥಮ ಚಿಕಿತ್ಸೆಯನ್ನು ಗೆಳತಿಯ ಮೇಲೆ ಮಾಡಿ ಕಲಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ನಮ್ಮ ಕಡೆಯ ರೂಢಿ, ಆದರೆ ಅದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿ. ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡವೇ ಬೇಡ. ಮಗ್ಗುಲಾಗಿ ಮಲಗಿಸು, ಗಡಿಯಾರ ನೋಡು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಆ ಕೈಕಾಲು ಅಲ್ಲಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಸಾಗಿಸು. ಪಕ್ಕದಲ್ಲಿ ನಿಂತ ಹಿರಿಯರು ಬೇರೆ ಹೇಳಿದರೂ ನೀನು ಗಟ್ಟಿಯಾಗಿರಬೇಕು, ಅದಕ್ಕೇ ಮೊದಲೇ ಮಾಡಿ ನೋಡಿರಬೇಕು.

ಬಾಹ್ಯ ಪರೀಕ್ಷಕರು ಮೌಖಿಕದಲ್ಲಿ ರೆಕಾರ್ಡಿನ ಯಾವುದೋ ಪುಟ ತೆಗೆದು ‘ಇದನ್ನು ಹೇಗೆ ಮಾಡಿದಿರಿ?’ ಅನ್ನುತ್ತಾರೆ. ಗೆಳತಿಯ ಪುಸ್ತಕದಿಂದ ಇಳಿಸಿಕೊಂಡವಳು ಅಲ್ಲೇ ತಡವರಿಸುತ್ತಾಳೆ. ನಿನ್ನ ಪುಟದಲ್ಲಿ ಎಷ್ಟು ಮಕ್ಕಳ ಕಣ್ಣು ನೋಡಿದೆ, ಎಷ್ಟು ಮಂದಿಗೆ ಕಾಣಲಿಲ್ಲ, ಆಮೇಲೆ ಏನಾಯಿತು ಅನ್ನುವುದು ಇರಲಿ. ಕ್ಯಾನು ಮೊದಲ ಸಲ ಸೋರಿದ್ದರೆ ಅದನ್ನೂ ಬರೆ, ಅಂಕ ಹೋಗುವುದಿಲ್ಲ.

ಬರುವ ಸೋಮವಾರ ಶಾಲೆಗೆ ಹೋದಾಗ ಮುಖ್ಯ ಶಿಕ್ಷಕರನ್ನು ಕೇಳು, ಐದನೇ ತರಗತಿಯ ಕಣ್ಣಿನ ತಪಾಸಣೆ ನಾನು ಮಾಡಲಾ ಅಂತ. ಖಂಡಿತ ಒಪ್ಪುತ್ತಾರೆ. ಅಳತೆ ಟೇಪು ಮನೆಯಿಂದಲೇ ಒಯ್ಯಿ.